ನೀವೇ ಒತ್ತಿ

ನಮ್ಮ ಭಾವನನ್ನು ಬೀದಿಯವರೆಲ್ಲ ಸರ್ಜನ್ ಅಂತ ಕರೆಯುತ್ತಾರೆ. ಅವರು ಬಿಚ್ಚಿ ಹೊಲಿಯುವುದು ಲ್ಯಾಪ್‌ಟಾಪ್‌ಗಳನ್ನು. ಬೇರೆ ಅಂಗಡಿಯವರು ಆಸೆ ಬಿಟ್ಟದ್ದನ್ನೂ ಬದುಕಿಸಿ ಕಳಿಸುತ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಕೈ ಎಷ್ಟು ನಾಜೂಕೋ ನಾಲಿಗೆ ಅಷ್ಟು ಒರಟು. ಅದೇ ಅಂಗಡಿಯ ಮುಂಭಾಗದಲ್ಲಿ ಕೂತು ಚಾರ್ಜರ್, ಮೌಸ್, ಬ್ಯಾಗು ಮಾರುವವಳು ನಾನು. ಹಾಗಾಗಿ ಅವರ ಬಾಯಿಯ ಪರಿಚಯ ಕಟ್ಟಿಕೊಂಡ ನಮ್ಮಕ್ಕನಿಗಿಂತ ನನಗೇ ಜಾಸ್ತಿ. ಗಿರಾಕಿ ತಿಳಿಯದೆ ಏನಾದರೂ ಕೇಳಿದರೆ ಮುಗಿಯಿತು, ಉತ್ತರ ಕೊಡುವ ಮೊದಲು ಅಂಗಡಿಯಲ್ಲಿ ನಿಂತವರನ್ನೆಲ್ಲ ಒಮ್ಮೆ ನಗಿಸಲೇಬೇಕು.

ಅಂಗಡಿಗೆ ಒಂದು ಪದ್ಧತಿ ಇತ್ತು. ಹಿಂದೆ ಯಾರೋ ಒಬ್ಬರು ತಮ್ಮ ಫೋಟೋಗಳೆಲ್ಲ ಅಳಿಸಿಹೋದವು ಎಂದು ಬೀದಿಯಲ್ಲಿ ನಿಂತು ಕೂಗಾಡಿದ್ದರು. ಅಂದಿನಿಂದ, ಲ್ಯಾಪ್‌ಟಾಪ್‌ನಲ್ಲಿರುವುದನ್ನೆಲ್ಲ ಅಳಿಸುವ ಕೊನೆಯ ಎಂಟರ್ ಅನ್ನು ಭಾವ ತಾವು ಒತ್ತುತ್ತಿರಲಿಲ್ಲ. ಯಂತ್ರವನ್ನು ಗಿರಾಕಿಯ ಕಡೆ ತಿರುಗಿಸಿ, "ಬ್ಯಾಕಪ್ ಇದೆಯಾ?" ಎನ್ನುವರು. ಇದೆ ಎಂದರೆ, "ಹಾಗಾದ್ರೆ ನೀವೇ ಒತ್ತಿ" ಎನ್ನುವರು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ಉಪಾಯ. ಬ್ಯಾಕಪ್ ಎಂದರೇನು ಎಂದು ಬಿಡಿಸಿ ಹೇಳುವುದು ಆ ಪದ್ಧತಿಯಲ್ಲಿ ಸೇರಿರಲಿಲ್ಲ.

ದಾರದಮ್ಮ ಬಂದದ್ದು ಹೀಗಿರುವಾಗ. ಆ ಹೆಸರಿಟ್ಟವರೂ ಭಾವನೇ. ಆಕೆ ಎರಡು ಬೀದಿ ಆಚೆಯ ಎಂಬ್ರಾಯ್ಡರಿ ಘಟಕದಲ್ಲಿ ಕೆಲಸಕ್ಕಿದ್ದರು, ಬಟ್ಟೆಯ ಮೇಲೆ ಯಾವಾಗಲೂ ಬಣ್ಣಬಣ್ಣದ ದಾರದ ಚೂರು ಅಂಟಿರುತ್ತಿತ್ತು. ಮೊದಲು ದಾರ ಕತ್ತರಿಸುವ ಮೇಜಿನಲ್ಲಿದ್ದವರು, ನೋಡಿ ನೋಡಿಯೇ ಕಲಿತು ಡಿಸೈನ್ ಮಾಡುವ ಕುರ್ಚಿಗೆ ಏರಿದ್ದರು. ಶಾಲೆಯ ಬ್ಯಾಡ್ಜು, ಆಸ್ಪತ್ರೆಯ ಕೋಟಿನ ಮೇಲಿನ ಹೆಸರು, ಹೋಟೆಲಿನ ಟವೆಲ್ಲಿನ ಚಿಹ್ನೆ ಎಲ್ಲವನ್ನೂ ಒಂದೊಂದೇ ಹೊಲಿಗೆಯಾಗಿ ಲ್ಯಾಪ್‌ಟಾಪ್‌ನಲ್ಲಿ ಬಿಡಿಸುವುದು, ಅದನ್ನು ಯಂತ್ರಕ್ಕೆ ಕಳಿಸುವುದು ಅವರ ಕೆಲಸ. ಒಂದು ಬೆಳಿಗ್ಗೆ ಆ ಲ್ಯಾಪ್‌ಟಾಪ್ ತನ್ನಷ್ಟಕ್ಕೆ ತಾನೇ ಹೊಸ ಸಿಸ್ಟಮ್ ಹಾಕಿಕೊಂಡು ಕೂತಿತ್ತು. ಎಂಬ್ರಾಯ್ಡರಿ ಸಾಫ್ಟ್‌ವೇರ್ ಹಳೆಯ ಕಾಲದ್ದು, ಹೊಸದರ ಮೇಲೆ ತೆರೆಯಲೇ ಇಲ್ಲ.

"ಹಳೇದನ್ನೇ ಹಾಕ್ಬೇಕು" ಎಂದರು ಭಾವ. "ಇದ್ರಲ್ಲಿ ಹತ್ತೋಕೆ ಮೆಟ್ಟಿಲಿದೆ, ಇಳಿಯೋಕಿಲ್ಲ. ಮನೆ ಪೂರ್ತಿ ಖಾಲಿ ಮಾಡಿನೇ ಇಳೀಬೇಕು. ಬ್ಯಾಕಪ್ ಇದೆಯಾ?"

ಆಕೆ ನನ್ನ ಕಡೆ ನೋಡಿದರು. ಆಮೇಲೆ ಬೆಂಚಿನ ಮೇಲೆ ಕಾಯುತ್ತಿದ್ದ ಇಬ್ಬರ ಕಡೆ ನೋಡಿದರು. "ಇದೆ ಸರ್" ಎಂದರು.

"ಹಾಗಾದ್ರೆ ನೀವೇ ಒತ್ತಿ."

"ಒತ್ತಿದ್ರೆ..." ಎಂದು ಏನೋ ಕೇಳಲು ಹೋದವರು ಅಲ್ಲಿಗೇ ನಿಲ್ಲಿಸಿದರು. ಬೆರಳಿಗೆ ಅಂಟಿದ್ದ ದಾರವನ್ನು ಒರೆಸಿಕೊಂಡು ಒತ್ತಿದರು.

ಆ ಸಂಜೆ ಹಳೆಯ ಸಿಸ್ಟಮ್ ಕೂತು, ಸಾಫ್ಟ್‌ವೇರ್ ತೆರೆದುಕೊಂಡಾಗ ಆಕೆಯ ಮುಖ ಅರಳಿದ್ದನ್ನು ನೋಡಬೇಕಿತ್ತು. ಕೈ ಮುಗಿದು ಹೋದರು. ಮರುದಿನ ಅಂಗಡಿ ತೆರೆಯುವ ಮೊದಲೇ ಲ್ಯಾಪ್‌ಟಾಪನ್ನು ಎದೆಗೆ ಅವುಚಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಸರ್, ನನ್ನ ಡಿಸೈನ್‌ಗಳನ್ನ ಎಲ್ಲಿಟ್ಟಿದ್ದೀರಾ? ಸಿಗ್ತಾ ಇಲ್ಲ."

ಭಾವ ಬೀಗದ ಕೈ ಹಿಡಿದವರು ಹಾಗೇ ನಿಂತರು. "ಬ್ಯಾಕಪ್ ಇದೆ ಅಂದ್ರಲ್ಲಮ್ಮ?"

"ಅಂದೆ. ಹಾಗಂದ್ರೆ ಏನು ಅಂತ ನಂಗೊತ್ತಿರ್ಲಿಲ್ಲ."

"ಗೊತ್ತಿಲ್ದಿದ್ರೆ ಕೇಳ್ಬೇಕಾಗಿತ್ತು!"

"ಕೇಳಿದ್ರೆ ನಗ್ತೀರ ಅಂತ..." ಎಂದರು ಆಕೆ. ದೂರುವ ದನಿಯೇ ಅಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದು.

ನನಗೆ ಆಗ ನೆನಪಾಯಿತು. ಹಿಂದೊಮ್ಮೆ ಚಾರ್ಜರ್ ಕೊಳ್ಳಲು ಬಂದಾಗ ಆಕೆ, ಪೆನ್‌ಡ್ರೈವ್‌ಗೆ ಹಾಕಿದರೆ ಡಿಸೈನ್ ಲ್ಯಾಪ್‌ಟಾಪ್‌ನಿಂದ ಹೊರಟುಹೋಗುತ್ತದಾ ಎಂದು ಕೇಳಿದ್ದರು. "ಅದೇನು ಈ ಚೆಂಬಿಂದ ಆ ಚೆಂಬಿಗೆ ಸುರಿಯೋ ನೀರಾ ಅಮ್ಮಾ?" ಎಂದು ಭಾವ ಅಂಗಡಿಯ ಸೂರು ಹಾರಿಹೋಗುವಂತೆ ಎಲ್ಲರನ್ನೂ ನಗಿಸಿದ್ದರು. ಬಂದವರಿಗೆಲ್ಲ ಅದೇ ಕಥೆ, ಮನೆಯಲ್ಲಿ ಊಟಕ್ಕೆ ಕೂತಾಗಲೂ ಅದೇ ಕಥೆ. ಹೋಗುವುದಿಲ್ಲ, ಎರಡು ಕಡೆಯೂ ಇರುತ್ತದೆ ಎಂಬ ಸೀದಾ ಉತ್ತರವನ್ನು ಮಾತ್ರ ಕೊಟ್ಟಿರಲಿಲ್ಲ. ಹೊರಟುಹೋದರೆ ಎಂಬ ಹೆದರಿಕೆಯಲ್ಲಿ ಆಕೆ ಒಂದನ್ನೂ ಎಲ್ಲಿಗೂ ನಕಲು ಮಾಡಿರಲಿಲ್ಲ.

ಭಾವನ ಮುಖ ನೋಡಲಾಗಲಿಲ್ಲ. ಬಂದ ಕೆಲಸವನ್ನೆಲ್ಲ ಪಕ್ಕಕ್ಕೆ ಸರಿಸಿ, ಅಳಿಸಿಹೋದದ್ದನ್ನು ಹೆಕ್ಕಿ ತೆಗೆಯಲು ಕೂತರು. ಸಿಕ್ಕಿದ್ದು ಹೆಸರು ಕಳೆದುಕೊಂಡ ಫೈಲುಗಳ ರಾಶಿ. ತೆರೆದರೆ ಅರ್ಧ ಹೂವು, ತುದಿಯಿಲ್ಲದ ಅಕ್ಷರ. ಮತ್ತೆ ಹಾಕಿದ ಹಳೆಯ ಸಿಸ್ಟಮ್ ಅವುಗಳ ಮೇಲೆಯೇ ಹೋಗಿ ಕೂತಿತ್ತು. ಕೊನೆಗೆ ಎದ್ದು, "ಅವರ ಯಜಮಾನಿಗೆ ನಾನೇ ಹೇಳ್ತೀನಿ, ತಪ್ಪು ನಂದು ಅಂತ" ಎಂದರು. ನನ್ನನ್ನೂ ಕರೆದರು. ಧೈರ್ಯಕ್ಕೆ ಎಂದು ಬಾಯಿಬಿಟ್ಟು ಹೇಳಿಯಾರೇ? ಚಾರ್ಜರ್ ಹಿಡ್ಕೊಳ್ಳೋಕೆ ಅಂದರು.

ಘಟಕದ ತುಂಬ ಮಿಷನ್ ಎಣ್ಣೆಯ ವಾಸನೆ. ಉದ್ದದ ಯಂತ್ರದಲ್ಲಿ ಸಾಲುಸಾಲು ಸೂಜಿಗಳು ಒಟ್ಟಿಗೆ ಕುಟ್ಟುತ್ತಿದ್ದವು. ಯಜಮಾನಿ ಕನ್ನಡಕವನ್ನು ತಲೆಗೇರಿಸಿ ನಮ್ಮ ಕಡೆ ತಿರುಗಿದರು. ಭಾವ ಗಂಟಲು ಸರಿ ಮಾಡಿಕೊಂಡರು. ಅಷ್ಟರಲ್ಲಿ ದಾರದಮ್ಮ ಮುಂದೆ ಬಂದು, "ಅವರದ್ದೇನೂ ತಪ್ಪಿಲ್ಲ ಮೇಡಂ. ಬ್ಯಾಕಪ್ ಇದೆಯಾ ಅಂತ ಕೇಳಿದ್ರು. ನಾನೇ ಇದೆ ಅಂದೆ, ನಾನೇ ಒತ್ತಿದೆ" ಎಂದುಬಿಟ್ಟರು.

"ಹೌದೇನ್ರಿ?" ಎಂದರು ಯಜಮಾನಿ, ಭಾವನನ್ನು.

ಹೇಳಬೇಕಾದ ಮಾತು ತುಟಿಯವರೆಗೆ ಬಂದಿತ್ತು, ಅದು ನನಗೆ ಕಾಣುತ್ತಿತ್ತು. ಅಂಗಡಿಯ ಹೆಸರು, ಬೀದಿಯ ಜನ, ಇಷ್ಟು ವರ್ಷದ ಸರ್ಜನ್ ಪಟ್ಟ, ಏನೇನು ಕಣ್ಣ ಮುಂದೆ ಬಂತೋ. "ಹೌದು" ಎಂದರು. ಅದು ಸುಳ್ಳೂ ಅಲ್ಲ, ಅದೇ ಅದರ ಕೇಡು.

ದಾರದಮ್ಮನನ್ನು ಡಿಸೈನ್ ಕುರ್ಚಿಯಿಂದ ಎಬ್ಬಿಸಿ ಮತ್ತೆ ದಾರ ಕತ್ತರಿಸುವ ಮೇಜಿಗೆ ಕಳಿಸಿದರು. ಕುರ್ಚಿಗೆ ಯಜಮಾನಿಯ ಸೋದರ ಸೊಸೆ ಬಂದಳು. ಅಷ್ಟಕ್ಕೇ ಮುಗಿಯಲಿಲ್ಲ. ಮೊದಲೇ ಕೇಳಿ ಕೆಲಸ ಮಾಡುವ ಮನುಷ್ಯ ಎಂದು ಮೆಚ್ಚಿ, ಘಟಕದ ಕಂಪ್ಯೂಟರುಗಳ ಉಸ್ತುವಾರಿಯನ್ನೆಲ್ಲ ಯಜಮಾನಿ ಭಾವನಿಗೇ ವಹಿಸಿದರು. ಆ ದಿನ ಮನೆಯಲ್ಲಿ ಅಕ್ಕ ಬಡಿಸಿದ್ದು ತಟ್ಟೆಯಲ್ಲೇ ಉಳಿಯಿತು. "ಏನಾಯ್ತು ನಿಮಗೆ?" ಎಂದರೆ, "ನಾಚಿಕೆ ಆಗ್ತಿದೆ ಕಣೇ" ಎಂದು ಹೇಳಿ ಕೈ ತೊಳೆಯಲು ಎದ್ದರು. ಮದುವೆಯಾದ ಮೇಲೆ ಆ ಬಾಯಲ್ಲಿ ಆ ಮಾತು ಕೇಳಿದ್ದು ಅದೇ ಮೊದಲು ಎಂದು ಅಕ್ಕ ಆಮೇಲೆ ನನಗೆ ಹೇಳಿದಳು.

ಅಂಗಡಿಯ ಪದ್ಧತಿ ಅಂದಿಗೇ ನಿಂತಿತು. ಈಗ ಯಾರೇ ಬರಲಿ, ಭಾವ ಮೊದಲು ಎಲ್ಲವನ್ನೂ ತಾವೇ ನಕಲು ಮಾಡಿ, ಗಿರಾಕಿಗೆ ತೆರೆದು ತೋರಿಸಿ, ಆಮೇಲೆ ತಾವೇ ಎಂಟರ್ ಒತ್ತುತ್ತಾರೆ. ಪೆದ್ದು ಪ್ರಶ್ನೆ ಕೇಳಿದರೂ ನಗುವುದಿಲ್ಲ. ಹಳೆಯ ಗಿರಾಕಿಗಳು, "ಏನ್ ಸರ್ಜನ್ನು, ಹುಷಾರಿಲ್ವಾ?" ಎಂದು ಕಾಲೆಳೆಯುತ್ತಾರೆ.

ಘಟಕಕ್ಕೆ ಹೋಗುವುದನ್ನು ಅವರು ಆದಷ್ಟು ಮುಂದೂಡಿದರು. ಕೊನೆಗೊಂದು ದಿನ ಕೀಬೋರ್ಡ್ ಬದಲಿಸಲು ಹೋಗಲೇಬೇಕಾಯಿತು, ಜೊತೆಗೆ ನಾನೂ ಹೋದೆ. ದಾರದಮ್ಮ ಮೂಲೆಯ ಮೇಜಿನಲ್ಲಿ ಬಟ್ಟೆಯನ್ನು ಕಣ್ಣಿನ ಹತ್ತಿರ ಹಿಡಿದು ಕತ್ತರಿ ಆಡಿಸುತ್ತಿದ್ದರು. ಭಾವನನ್ನು ಕಂಡಿದ್ದೇ ಎದ್ದು, ಕುರ್ಚಿ ತಂದು ಹಾಕಿ, ಸೆರಗಿನಿಂದ ಒರೆಸಿ, "ಕೂತ್ಕೊಳ್ಳಿ ಸರ್" ಎಂದರು.

ಭಾವ ಕೂರಲಿಲ್ಲ. ಎಲ್ಲರಿಗೂ ಕೇಳುವಂತೆ, "ಮೇಡಂ, ಅವತ್ತು ತಪ್ಪು ಮಾಡಿದ್ದು ಇವರಲ್ಲ, ನಾನು" ಎಂದರು. ತಾವು ಹಿಂದೆ ನಕ್ಕದ್ದು, ಆಕೆ ಹೆದರಿ ಕೇಳದೆ ಹೋದದ್ದು, ಬ್ಯಾಕಪ್ ಇದೆಯೋ ಎಂದು ತಾವು ನೋಡದೆ ಒತ್ತಿಸಿದ್ದು, ಒಂದನ್ನೂ ಬಿಡದೆ ಹೇಳಿದರು. "ಇವರನ್ನ ಮತ್ತೆ ಆ ಕುರ್ಚೀಲಿ ಕೂರಿಸಿ."

ಯಜಮಾನಿ ನಕ್ಕರು. "ನೋಡ್ರೇ, ದೊಡ್ಡ ಮನಸ್ಸು ಅಂದ್ರೆ ಇದು" ಎಂದರು ಕೆಲಸದವರಿಗೆಲ್ಲ. "ಆಕೆ ಮೇಲೆ ಕನಿಕರ ಪಟ್ಟು ತಮ್ಮ ಮೇಲೆ ಹಾಕ್ಕೊಳ್ತಿದ್ದಾರೆ."

"ಕನಿಕರ ಅಲ್ಲ ಮೇಡಂ, ನಿಜ."

"ಆಯ್ತು, ಆಯ್ತು. ಕೂತ್ಕೊಳ್ಳಿ, ಟೀ ತರಿಸ್ತೀನಿ."

ದಾರದಮ್ಮ ಭಾವನ ಹತ್ತಿರ ಬಂದರು. ಕಣ್ಣಲ್ಲಿ ನೀರಿತ್ತು. "ಬೇಡ ಸರ್, ನನಗೋಸ್ಕರ ಸುಳ್ಳು ಹೇಳ್ಬೇಡಿ. ದಡ್ಡತನ ನಂದೇ. ನಿಮ್ಮಂಥೋರು ಇಷ್ಟಂದ್ರಲ್ಲ, ಅಷ್ಟು ಸಾಕು" ಎಂದು ಹೇಳಿ ತಮ್ಮ ಮೇಜಿಗೆ ಹೋದರು. ಉಳಿದ ಹೆಂಗಸರು ಭಾವನನ್ನು ಗೌರವದಿಂದ ನೋಡುತ್ತಿದ್ದರು. ಆ ನೋಟವನ್ನು ತಡೆಯಲಾರದೆ ಅವರು ಕೀಬೋರ್ಡಿನ ತಿರುಪು ಬಿಚ್ಚಲು ಬಗ್ಗಿದರು.

ಹಿಂತಿರುಗುವಾಗ ಅರ್ಧ ದಾರಿಯಲ್ಲಿ ಭಾವ ನನ್ನ ಕಡೆ ತಿರುಗಿದರು. "ಅವತ್ತೇ ಹೇಳಿದ್ದಿದ್ರೆ ನಂಬ್ತಿದ್ರು, ಅಲ್ವಾ?" ಎಂದರು.

ಏನಾದರೂ ಸಮಾಧಾನ ಹೇಳಬಹುದಿತ್ತು. ಭಾವ ಅಲ್ಲವೇ, ನಮ್ಮಕ್ಕನ ಗಂಡ.

"ಹೌದು ಭಾವ, ನಂಬ್ತಿದ್ರು" ಎಂದೆ.