ಜನಾರ್ದನ ಮೇಸ್ತ್ರಿಯ ಆರು ಬಿಲ್ಲೆಗಳು

ತಿರುವನಂತಪುರದ ಪಟ್ಟಂ ಕಡೆಯ ಹಳೆಯ ಮನೆಗಳ ಗೋಡೆಯೊಳಗೆ ಏನೇನಿದೆಯೆಂಬುದು, ಅವನ್ನು ಕಟ್ಟಿಸಿದವರಿಗಿಂತ ಜನಾರ್ದನನಿಗೆ ಚೆನ್ನಾಗಿ ಗೊತ್ತಿತ್ತು. ಮಂಜೇಶ್ವರದಲ್ಲಿ ಹುಟ್ಟಿ, ಕೊಚ್ಚಿಯ ಬಂದರಿನಲ್ಲಿ ಪೈಪಿನ ಕೆಲಸ ಕಲಿತು, ಮದುವೆಯಾದ ಮೇಲೆ ತಿರುವನಂತಪುರಕ್ಕೆ ಬಂದು ನೆಲೆಸಿದವನು ಅವನು. ಸೆಣಬಿನ ನೂಲಿಗೆ ಬಿಳಿ ಬಣ್ಣ ಸವರಿ ಅವನು ಬಿಗಿದ ಜೋಡಣೆ ಹತ್ತು ವರ್ಷ ಒಸರುತ್ತಿರಲಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ವರ್ಗವಾಗಿ ಬಂದ ಐದು ಕನ್ನಡ ಮನೆಗಳಿಗೂ ಅವನೇ ಮೇಸ್ತ್ರಿ.

ಆ ಐದರಲ್ಲಿ ದೊಡ್ಡದು ಕೋರ್ಟಿನ ಶಿರಸ್ತೇದಾರ ಹರಿನಾರಾಯಣರ ಬಾಡಿಗೆ ಮನೆ. ಅವರು ಮಡಿಯ ಮನುಷ್ಯ. ನಲ್ಲಿಯೊಳಗೆ ನೀರು ತಡೆಯುವುದಕ್ಕೆ ತೊಗಲಿನ ಬಿಲ್ಲೆ ಇರುತ್ತದೆಂದು ಆ ನೀರನ್ನು ಬಾಯಿಗೆ ಹಾಕುತ್ತಿರಲಿಲ್ಲ. ಬಾವಿಯ ನೀರೇ ಆಗಬೇಕು. ಐವತ್ತೆಂಟರ ಏಪ್ರಿಲ್ ತಿಂಗಳಲ್ಲಿ ಬಾವಿಯ ತಳದಲ್ಲಿ ಕೆಸರು ಕಂಡಾಗ ಜನಾರ್ದನನಿಗೆ ಕರೆ ಹೋಯಿತು.

"ಏಳು ನಲ್ಲಿ ಉಂಟು. ಏಳಕ್ಕೂ ರಬ್ಬರಿನ ಬಿಲ್ಲೆ ಹಾಕು. ತೊಗಲಿನ ಒಂದು ಚೂರೂ ಈ ಮನೆಯಲ್ಲಿ ಇರಬಾರದು."

"ರಬ್ಬರೇ ಹಾಕ್ತೇನೆ ಸ್ವಾಮಿ."

ಸಂಜೆಯೊಳಗೆ ಆರು ನಲ್ಲಿಗಳ ಕೆಲಸ ಮುಗಿಯಿತು, ಅಡುಗೆಮನೆಯದೊಂದು ಉಳಿಯಿತು. ಅಂದು ಶನಿವಾರ, ಐದೂ ಮನೆಯವರು ಭಜನೆಗೆಂದು ಜಗಲಿಯಲ್ಲಿ ಸೇರಿದ್ದರು. ಜನಾರ್ದನನು ತನ್ನ ಹೊಸ ತೊಗಲಿನ ಚಪ್ಪಲಿಗಳನ್ನು ಅಂಗಳದ ಮೂಲೆಯಲ್ಲಿ ಬಿಡುವ ಬದಲು, ಅವಸರದಲ್ಲಿ ಜಗಲಿಯ ಮೆಟ್ಟಿಲ ಮೇಲೆ ಬಿಟ್ಟಿದ್ದ. ಹರಿನಾರಾಯಣರು ಕೋಲಿನಿಂದ ಒಂದನ್ನು ಎತ್ತಿ ಬೇಲಿಯಾಚೆಯ ತೋಡಿಗೆ ಎಸೆದರು. ಕಪ್ಪಾಗಿ ಹರಿಯುವ ಕೊಳಚೆ ಅದನ್ನು ನುಂಗಿತು.

"ಇನ್ನೊಂದನ್ನು ತಲೆಯ ಮೇಲೆ ಇಟ್ಟುಕೊಂಡು ಹೋಗು!" ಎಂದರು. ಜಗಲಿ ನಕ್ಕಿತು. ನಗದೆ ಇದ್ದವರು ಆ ಐದು ಮನೆಗಳಲ್ಲೊಂದರ ಕುಸುಮಾವತಿ ಟೀಚರ್ ಒಬ್ಬರೇ.

ತನ್ನ ಮನೆಯಿರುವ ಕೇಶವದಾಸಪುರದ ತನಕ ಜನಾರ್ದನನು ಉಳಿದ ಚಪ್ಪಲಿಯನ್ನು ಕಂಕುಳಲ್ಲಿಟ್ಟು ಬರಿಗಾಲಲ್ಲಿ ನಡೆದ. ಮನೆಯಲ್ಲಿ ಹೆಂಡತಿ ರತ್ನ ಏನಾಯಿತೆಂದು ಕೇಳುತ್ತಿದ್ದಂತೆ ಹತಾರದ ಚೀಲ ಬಿಚ್ಚಿದ. ಉಳಿಯಿಂದ ಆ ಚಪ್ಪಲಿಯ ಅಟ್ಟೆಯನ್ನು ದುಂಡಗೆ ಕತ್ತರಿಸಿ ಆರು ಬಿಲ್ಲೆ ಮಾಡಿ ಎಣ್ಣೆಯಲ್ಲಿ ನೆನೆಹಾಕಿದ. ಮರುದಿನ ಅಡುಗೆಮನೆಯ ನಲ್ಲಿಗೆ ಅದರಲ್ಲೊಂದನ್ನು ಕೂರಿಸಿ ಬಂದ. ಉಳಿದ ಐದನ್ನು ತಗಡಿನ ಡಬ್ಬಿಗೆ ಹಾಕಿ ಅಟ್ಟದಲ್ಲಿಟ್ಟ.

ಸಿಟ್ಟು ಅಲ್ಲಿಗೇ ತಣ್ಣಗಾಗುತ್ತಿತ್ತೋ ಏನೋ. ಆದರೆ ಆ ವಾರದಿಂದ ಅವನ ಹೆಸರೇ ಹೋಯಿತು. ಐದು ಮನೆಗಳಲ್ಲಿ ಅವನು 'ಒಂಟಿ ಚಪ್ಪಲಿ'ಯಾದ. "ಒಂಟಿ ಚಪ್ಪಲಿಗೆ ಹೇಳಿ ಕಳಿಸಿ", "ಒಂಟಿ ಚಪ್ಪಲಿ ಬಂದ" ಎಂದು ಮಕ್ಕಳೂ ಕೂಗತೊಡಗಿದರು. ಕೂಗಿದಷ್ಟು ಸಲವೂ ಅವನು "ಬಂದೆ" ಎನ್ನುತ್ತಿದ್ದ. ಒಳಗೊಳಗೇ ಹಲ್ಲು ಕಡಿಯುತ್ತಿದ್ದ. ಮಳೆ ಬಂದು ಬಾವಿ ತುಂಬಿತು. ಆದರೆ ಹರಿನಾರಾಯಣರ ಹೆಂಡತಿ ವಸಂತಿಯಮ್ಮ ನಲ್ಲಿಯ ಸುಖ ಕಂಡಮೇಲೆ ಹಗ್ಗ ಮುಟ್ಟಲಿಲ್ಲ. ದೇವರ ಅಭಿಷೇಕಕ್ಕೂ ಅದೇ ನೀರು ಎಂದು ಕೇಳಿದಾಗ ಜನಾರ್ದನನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಹತ್ತು ತಿಂಗಳಾದ ಮೇಲೆ ಆ ನಲ್ಲಿ ತೊಟ್ಟಿಕ್ಕತೊಡಗಿತು. ಕರೆ ಬಂದದ್ದು ಬುಧವಾರ; ಜನಾರ್ದನನು ಬೇಕೆಂದೇ ಶನಿವಾರದ ತನಕ ಕಾದು ಹೋದ. ಜಗಲಿಯಲ್ಲಿ ಭಜನೆ ಮುಗಿದು ಎಲ್ಲರ ಕೈಯಲ್ಲೂ ಪಾನಕದ ಲೋಟ.

"ಬಂದ ನೋಡಿ ಒಂಟಿ ಚಪ್ಪಲಿ! ನಿನ್ನ ರಬ್ಬರು ಇಷ್ಟು ಬೇಗ ಸವೆಯುವುದೆಂತದೋ?" ಎಂದರು ಹರಿನಾರಾಯಣರು.

ಜನಾರ್ದನನು ಒಳಗೆ ಹೋಗಿ ನಲ್ಲಿ ಬಿಚ್ಚಿದ. ಸವೆದ ಬಿಲ್ಲೆಯನ್ನು ಬಾಳೆಲೆಯ ತುಂಡಿನ ಮೇಲಿಟ್ಟು ತಂದು ಜಗಲಿಯ ಅಂಚಿನಲ್ಲಿಟ್ಟ.

"ಇದು ರಬ್ಬರಲ್ಲ ಸ್ವಾಮಿ. ನೀವು ತೋಡಿಗೆ ಎಸೆದದ್ದು ಬಲಗಾಲಿನದ್ದು. ಇದು ಎಡಗಾಲಿನದ್ದು."

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ತಿಳಿದೊಡನೆ ಅಂಚೆ ಕಚೇರಿಯ ನಿತ್ಯಾನಂದರು ಬಾಯಲ್ಲಿದ್ದ ಪಾನಕವನ್ನು ಅಂಗಳಕ್ಕೆ ಉಗಿದರು. ವಸಂತಿಯಮ್ಮ ಪಾನಕದ ಪಾತ್ರೆಯನ್ನು ಅಂಗಳಕ್ಕೆ ಸುರಿದರು.

"ಆರು ಬಿಲ್ಲೆ ಮಾಡಿದ್ದೆ" ಎಂದ ಜನಾರ್ದನ, ಚೀಲ ಹೆಗಲಿಗೇರಿಸುತ್ತ. "ಬಾಕಿ ಐದು ಎಲ್ಲುಂಟು ಅಂತ ನನಗೆ ಮಾತ್ರ ಗೊತ್ತು."

"ನಿನ್ನನ್ನು ಪೊಲೀಸಿಗೆ ಕೊಡ್ತೇನೆ!" ಎಂದರು ಹರಿನಾರಾಯಣರು.

"ಕೊಡಿ ಸ್ವಾಮಿ. ಹತ್ತು ತಿಂಗಳು ಎಂತ ಕುಡಿದಿರಿ ಅಂತ ಕೋರ್ಟಿನಲ್ಲಿ ನೀವೇ ಹೇಳಬೇಕಾಗ್ತದೆ."

ಕೋರ್ಟಿನ ಮನುಷ್ಯರಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಮರುದಿನ ಬೆಳಗ್ಗೆ ನಿತ್ಯಾನಂದರೇ ಅವನನ್ನು ಹುಡುಕಿಕೊಂಡು ಬಂದರು. "ಮೇಸ್ತ್ರಿಗಳೇ, ನಮ್ಮಲ್ಲಿರುವುದು ರಬ್ಬರೇ ಅಲ್ವಾ?"

"ನೆನಪಾಗುವುದಿಲ್ಲ ಸ್ವಾಮಿ. ಒಂದೊಂದಾಗಿ ಬಿಚ್ಚಿ ನೋಡಬೇಕು. ಈಗ ಪುರುಸೊತ್ತಿಲ್ಲ."

ಉಳಿದ ಎರಡು ಮನೆಯವರಿಗೂ ಇದೇ ಉತ್ತರ. ಕುಸುಮಾವತಿ ಟೀಚರ ಮನೆಗೆ ಮಾತ್ರ ಕರೆಯದೆಯೇ ಹೋಗಿ, ನಲ್ಲಿಗಳನ್ನು ಬಿಚ್ಚಿ ಕರಿಯ ರಬ್ಬರನ್ನು ತೋರಿಸಿ ಬಂದ. ಮಿಕ್ಕವರು ಬೇಯಲಿ ಎಂದು ಬಿಟ್ಟ.

ಎಲ್ಲರಿಗಿಂತ ಹೆಚ್ಚು ಬೆಂದವರು ಹರಿನಾರಾಯಣರು. ಹಳೆಯ ಮನೆ, ಪೈಪುಗಳೆಲ್ಲ ಗೋಡೆಯೊಳಗೆ, ಎಲ್ಲೆಲ್ಲಿ ತಿರುಪು, ಎಲ್ಲೆಲ್ಲಿ ತಡೆ ಎಂಬುದು ಜನಾರ್ದನನಿಗಷ್ಟೇ ಗೊತ್ತು. ಬೇರೆ ಮೇಸ್ತ್ರಿ ಬಂದು ಅಡುಗೆಮನೆಯ ನಲ್ಲಿಗೆ ರಬ್ಬರು ಹಾಕಿ, ಉಳಿದ ಆರನ್ನೂ ಬಿಚ್ಚಿ ರಬ್ಬರೆಂದು ತೋರಿಸಿದರೂ, ಗೋಡೆಯೊಳಗಿನ ತಡೆಗಳಲ್ಲಿ ತೊಗಲಿರಬಹುದೆಂಬ ಅವರ ಸಂಶಯ ಹೋಗಲಿಲ್ಲ. ಬಾವಿ ಮತ್ತೆ ಇಳಿದಿತ್ತು. ಶಿರಸ್ತೇದಾರರು ಪಂಚೆ ಎತ್ತಿಕಟ್ಟಿ ಎರಡು ಫರ್ಲಾಂಗು ದೂರದ ದೇವಸ್ಥಾನದ ಬಾವಿಯಿಂದ ತಾಮ್ರದ ಕೊಡದಲ್ಲಿ ನೀರು ಹೊರತೊಡಗಿದರು. ಜನಾರ್ದನನು ದಿನವೂ ಆ ಹೊತ್ತಿಗೆ ದೇವಸ್ಥಾನದ ಎದುರಿನ ಚಾಯಕಡೆಯ ಬೆಂಚಿನಲ್ಲಿ ಕುಳಿತು ಅವರನ್ನು ನೋಡುತ್ತ ಎರಡು ಚಾಯ ಕುಡಿದು ಏಳುತ್ತಿದ್ದ.

ಹದಿನೆಂಟನೆಯ ದಿನ ಹರಿನಾರಾಯಣರು ಅವನ ಓಣಿಗೇ ಬಂದರು. ಸಾರ್ವಜನಿಕ ನಲ್ಲಿಯ ಮುಂದೆ ಹೆಂಗಸರು ಕೊಡಗಳನ್ನಿಟ್ಟು ನಿಂತಿದ್ದರು. ಜನಾರ್ದನನು ಕುಳಿತಲ್ಲಿಂದ ಏಳಲಿಲ್ಲ.

"ಒಂಟಿ..." ರೂಢಿಯ ನಾಲಗೆ ಹೊರಳಿತು. ಅವರು ತುಟಿ ಕಚ್ಚಿಕೊಂಡರು. "ಜನಾರ್ದನಾ..."

"ಕೇಳಿಸಲಿಲ್ಲ ಸ್ವಾಮಿ. ನಲ್ಲಿಯ ಸದ್ದು."

"ಜನಾರ್ದನಾ!" ಈ ಸಲ ಓಣಿಗೆಲ್ಲ ಕೇಳಿಸಿತು. "ಮನೆಗೊಮ್ಮೆ ಬಾ. ಆ ಐದನ್ನೂ ತೆಗೆದುಕೊಡು ಮಾರಾಯ. ಇನ್ನು ಆ ಹೆಸರು ನಮ್ಮ ಯಾರ ಬಾಯಲ್ಲೂ ಬರುವುದಿಲ್ಲ."

"ನಾಳೆ ಬರ್ತೇನೆ" ಎಂದ ಜನಾರ್ದನ.

ಅವರು ಹೋದ ಮೇಲೆ ರತ್ನ ಅಟ್ಟದ ಡಬ್ಬಿಯನ್ನು ಇಳಿಸಿ ಅವನ ಮುಂದೆ ಕುಕ್ಕಿದಳು. "ಇದನ್ನೇ ಹಿಡಿದು ಓಡಿಹೋಗಿ ಕೊಟ್ಟು ಬರಬಾರದಾ? ಪಾಪ, ವಯಸ್ಸಾದವರು."

"ಹೆಸರು ಹೇಳಿ ಕರೆದಿದ್ದಾರಲ್ಲ, ಹೋಗದೆ ಇರ್ತೇನಾ?" ಎಂದ ಅವನು.

ಮರುದಿನ ಹೋಗಲಿಲ್ಲ. ಆ ವಾರವೂ ಹೋಗಲಿಲ್ಲ. ರತ್ನ ಕೇಳಿದಾಗಲೆಲ್ಲ, "ನಾಳೆ ಅಂತ ಹೇಳಿದ್ದೇನಲ್ಲ" ಎಂದು, ಶಿರಸ್ತೇದಾರರು ನೀರು ಹೊರುವ ಹೊತ್ತಿಗೆ ಸರಿಯಾಗಿ ಚಾಯಕಡೆಗೆ ಹೊರಡುತ್ತಿದ್ದ.