ಡಿಂಪ್ನಾಳ ಮೊದಲ ಊಹೆ

ಅಕ್ಟೋಬರ್ ಹುಟ್ಟಿದರೆ ಸಾಕು, ಕಾರಿಗ್‌ಬಾನ್ ಊರಿನವರು ಡಿಂಪ್ನಾಳ ಕಣ್ಣು ತಪ್ಪಿಸಿ ಓಡಾಡಲು ಶುರು ಮಾಡುತ್ತಾರೆ. ಸಿಕ್ಕಿದರೆ ಅವಳು ಬಿಡುವವಳಲ್ಲ. ಹ್ಯಾಲೊವೀನ್ ಸಂಜೆಗೆ ಊರಿನ ಭವನ ಗುಡಿಸಬೇಕು, ಟರ್ನಿಪ್ ಗಡ್ಡೆ ಕೊರೆದು ದೀಪ ಮಾಡಬೇಕು, ಬೆಂಚು ಹೊರಬೇಕು. ಕೂಲಿಯಿಲ್ಲದ ಕೆಲಸ. ಚಹಾ ಎಂದರೆ ಮುಂದೆ ಬರುವ ನಮ್ಮ ಜನ ಕಸದ ಚೀಲ ಎಂದ ಕೂಡಲೇ ಸೊಂಟ ಹಿಡಿದುಕೊಳ್ಳುತ್ತಾರೆ. ಆದರೂ ಅಂಚೆ ಕಚೇರಿಯಿಂದ ನಿವೃತ್ತಳಾದ ಈ ಒಂಟಿ ಹೆಂಗಸು ಬೈದು, ಗೋಗರೆದು, ಹೇಗೋ ಎಲ್ಲರನ್ನೂ ಸೇರಿಸುತ್ತಾಳೆ.

ಆ ಸಂಜೆಯ ಮುಖ್ಯ ಆಟವೆಂದರೆ ಮುಖವಾಡದವರನ್ನು ಗುರುತು ಹಿಡಿಯುವುದು. ಹುಲ್ಲಿನ ಮುಖವಾಡ, ಹಳೇ ಕೋಟು ಹಾಕಿಕೊಂಡು ಬಂದವರು ತುಟಿ ಬಿಚ್ಚುವಂತಿಲ್ಲ. ಯಜಮಾನಿತಿ, ಎಂದರೆ ಡಿಂಪ್ನಾ, ಅವರ ಕೈ ಹಿಡಿದು ಮೂರು ಹೆಸರು ಹೇಳಬಹುದು. ಒಂದು ಸರಿಯಾದರೂ ಅಲ್ಲೇ ಎಲ್ಲರೆದುರು ಮುಖ ತೋರಿಸಬೇಕು. ಮೂರೂ ತಪ್ಪಿದರೆ ಮುಖವಾಡದವರೇ ಗೆದ್ದಂತೆ. ಒಣದ್ರಾಕ್ಷಿಯ ಬ್ರ್ಯಾಕ್ ಬ್ರೆಡ್ಡಿನ ಮೊದಲ ತುಂಡು ಅವರಿಗೆ, ಯಜಮಾನಿತಿಯ ಪಕ್ಕದ ಕುರ್ಚಿಯೂ ಅವರಿಗೆ.

ಡಿಂಪ್ನಾಳಿಗೆ ಉನಾ ಎಂಬ ಅಕ್ಕ ಇದ್ದಾಳೆ, ಕೊಲ್ಲಿಯ ಆಚೆ ದಡದಲ್ಲಿ. ತಾಯಿ ತೀರಿಕೊಂಡ ದಿನ ಅವಳು ತಡವಾಗಿ ಬಂದಳು. ಹೆಣದ ಮುಂದೆ, ನೆಂಟರಿಷ್ಟರ ಮುಂದೆ ಡಿಂಪ್ನಾ, "ಬದುಕಿದ್ದಾಗ ಬರ್ದೇ ಇದ್ದವಳು ಈಗ ಯಾಕೆ ಬಂದೆ?" ಎಂದುಬಿಟ್ಟಳು. ಮಾತು ಆಡಿದರೆ ಹೋಯಿತು. ಉನಾ ಮತ್ತೆ ಈ ಊರಿನ ಕಡೆ ತಲೆ ಹಾಕಲಿಲ್ಲ. ಡಿಂಪ್ನಾಳಿಗಂತೂ ಆಚೆ ದಡದ ದೀಪಗಳನ್ನು ನೋಡಿದಾಗಲೆಲ್ಲ ಅಕ್ಕ ಬೇಕೆನಿಸುತ್ತಿತ್ತು. ಕ್ಷಮೆ ಕೇಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಹಟಮಾರಿತನದಲ್ಲಿ ಇಬ್ಬರೂ ಒಂದೇ ಗಾಣದ ಎತ್ತುಗಳು.

ಹಾಗಿರುವಾಗ ಒಂದು ವರ್ಷ ಎತ್ತರದ ಮುಖವಾಡವೊಂದು ಅವಳೆದುರು ಬಂದು ನಿಂತಿತು. ನಡಿಗೆ ಕಂಡಾಗಲೇ ಡಿಂಪ್ನಾಳಿಗೆ ಗುರುತು ಹತ್ತಿತು. ಕೈ ಹಿಡಿದಳು. ಚಿಕ್ಕಂದಿನಲ್ಲಿ ಬಾಗಿಲಿಗೆ ಸಿಕ್ಕಿ ಸೊಟ್ಟಗಾದ ಕಿರುಬೆರಳು, ಅನುಮಾನವೇ ಇಲ್ಲ. ಹೆಸರು ಹೇಳಿದರೆ ಇಷ್ಟು ಜನರೆದುರು ಮುಖ ತೆರೆಯಬೇಕಾಗುತ್ತದೆ, ಅವಮಾನವಾಗಿ ಅಕ್ಕ ಓಡಿಯೇ ಹೋಗುತ್ತಾಳೆ ಎಂದುಕೊಂಡಳು. ತಾನು ಸೋತರೆ? ಆಗ ಆಟದ ನಿಯಮವೇ ಅವಳನ್ನು ಪಕ್ಕದಲ್ಲಿ ತಂದು ಕೂರಿಸುತ್ತದೆ. ಡಿಂಪ್ನಾ ಬೇಕೆಂದೇ ಬಾಯಿಗೆ ಬಂದ ಮೂರು ಹೆಸರು ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಅವಳು ಕುರ್ಚಿ ಎಳೆದು, ಬ್ರೆಡ್ಡಿನ ತುಂಡು ಮುಂದೆ ಹಿಡಿದಳು. ಮುಖವಾಡ ತುಂಡನ್ನು ಮುಟ್ಟಲಿಲ್ಲ. ತಿರುಗಿ ಬಾಗಿಲು ದಾಟಿ ಹೋಯಿತು.

ಅವಳನ್ನು ಆಚೆ ದಡಕ್ಕೆ ಬಿಟ್ಟುಬಂದವನು ನಮ್ಮೂರಲ್ಲಿ ವ್ಯಾನು ಓಡಿಸುವ ಮರ್ಟ್. ಮರುದಿನ ಬೆಂಚು ಎತ್ತಿಡುವಾಗ ಅವನೇ ಬಾಯಿಬಿಟ್ಟ.

"ಹೇಳ್ಲೋ ಬೇಡ್ವೋ ಗೊತ್ತಾಗ್ತಿಲ್ಲ, ಡಿಂಪ್ನಾ. ದಾರಿಯುದ್ದಕ್ಕೂ ಅತ್ಲು. ಕೈ ಹಿಡ್ಕೊಂಡ್ರೂ ನನ್ನ ಗುರುತು ಹತ್ಲಿಲ್ವಲ್ಲ ಅವಳಿಗೆ, ಅಂದ್ಲು."

"ಹತ್ತಿತ್ತು ಕಣೋ," ಎಂದಳು ಡಿಂಪ್ನಾ. "ಕೈ ಹಿಡಿಯೋಕೆ ಮುಂಚೆನೇ ಹತ್ತಿತ್ತು."

ಅವತ್ತೇ ಬಸ್ಸು ಹಿಡಿದು ಅಕ್ಕನ ಮನೆ ಬಾಗಿಲು ಬಡಿದಳು. ನೀನೇ ಅಂತ ಗೊತ್ತಿತ್ತು, ಕೂರಿಸಿಕೊಳ್ಳಬೇಕು ಅಂತಲೇ ಸೋತೆ ಎಂದು ಹೊರಗಿನಿಂದಲೇ ಹೇಳಿದಳು. ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಉನಾ, "ಮರ್ಟ್ ಹೇಳಿದ್ಮೇಲೆ ಗೊತ್ತಾಯ್ತು ಅನ್ನು. ಸುಳ್ಳು ಬೇಡ," ಎಂದಳು. ಊರೆಲ್ಲ ಕೇಳುವಂತೆ ಮೂರು ಬೇರೆ ಹೆಸರು ಹೇಳಿದವಳು ಇನ್ನು ಯಾವ ಸಾಕ್ಷಿ ತಂದಾಳು?

ಅಂದಿನಿಂದ, ಅಕ್ಕ ಮತ್ತೊಮ್ಮೆ ಬಂದಾಳೆಂದು ಕಾಯಲು ಆ ಭವನವೊಂದೇ ಅವಳಿಗೆ ಉಳಿದ ದಾರಿ. ಮೊಣಕಾಲು ಕೈಕೊಟ್ಟಿದೆ, ಇನ್ನು ಸಾಕು ಬಿಡು ಎಂದು ನಾವೆಲ್ಲ ಹೇಳಿದೆವು. ಕೇಳಬೇಕಲ್ಲ! ಯಾವ ಮುಖವಾಡ ಎದುರು ಬಂದರೂ ಅವಳ ಮೊದಲ ಊಹೆ ಒಂದೇ. ಊರಿನವರಿಗೆ ಅಭ್ಯಾಸವಾಗಿದೆ, ಯಾರೂ ನಗುವುದಿಲ್ಲ. ಕಳೆದ ವರ್ಷ ಹೊಸದಾಗಿ ಬಂದ ಶಾಲೆಯ ಮೇಷ್ಟ್ರು, ಮುಖವಾಡ ತೆಗೆದ ಮೇಲೆ, ಒಂದು ಊಹೆಯನ್ನು ಯಾಕೆ ಸುಮ್ಮನೆ ಕಳೆದುಕೊಳ್ಳುತ್ತೀರಿ ಎಂದು ಕೇಳಿದರು.

"ಕಳ್ಕೊಳ್ಳೋದಲ್ಲ ಮೇಷ್ಟ್ರೇ. ಅವಳು ಬಂದ್ರೆ ಈ ಸಲ ತನ್ನ ಹೆಸ್ರಿಗೆ ಕಾಯ್ಬಾರ್ದು," ಎಂದು ಡಿಂಪ್ನಾ ಮುಂದಿನ ಮುಖವಾಡದ ಕಡೆ ತಿರುಗಿದಳು.

ಅದು ಅವಳ ಸೊಂಟಕ್ಕೂ ಬಾರದ ಒಂದು ಮಗು. ಡಿಂಪ್ನಾ ಕಷ್ಟಪಟ್ಟು ಬಗ್ಗಿ ಅದರ ಪುಟ್ಟ ಕೈ ಹಿಡಿದಳು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, "ಉನಾ?" ಎಂದಳು.