ವಯರ್‌ಲೆಸ್ಸಿನಲ್ಲಿ ಆಡಿದ ಮಾತು

ಕಾಪು ಪಡುವಿನ ದಾಮೋದರ ತಿಂಗಳಾಯರು ಮಲ್ಪೆಯ ಆಳಸಮುದ್ರದ ಬೋಟೊಂದರ ತಾಂಡೇಲ. ಬೋಟು ಎತ್ತ ತಿರುಗಬೇಕು, ಬಲೆ ಎಲ್ಲಿ ಬೀಳಬೇಕು, ದಡಕ್ಕೆ ಯಾವಾಗ ಹೊರಡಬೇಕು ಎಂಬುದೆಲ್ಲ ಅವರ ತೀರ್ಮಾನ. ಹತ್ತನೆಯ ತರಗತಿ ಮುಗಿಸಿ ಸಮುದ್ರಕ್ಕೆ ಇಳಿದವರು, ಈಗ ಅರುವತ್ತರ ಹತ್ತಿರ. ಪ್ರತಿ ಸಲ ಹೊರಡುವಾಗ ಅಕ್ಕಿ, ಮಂಜುಗಡ್ಡೆ, ಡೀಸೆಲ್ ಜೊತೆಗೆ ಉಡುಪಿಯಲ್ಲಿ ಕೊಂಡ ಎರಡು ಮೂರು ಕಾದಂಬರಿಗಳೂ ಪ್ಲಾಸ್ಟಿಕ್ ಸುತ್ತಿಕೊಂಡು ಅವರ ಕ್ಯಾಬಿನ್ ಸೇರುತ್ತಿದ್ದವು.

ಸಂಜೆ ಬಲೆ ಬಿಟ್ಟ ಮೇಲೆ ಹತ್ತಿರದ ಬೋಟುಗಳ ತಾಂಡೇಲರು ವಯರ್‌ಲೆಸ್ಸಿನಲ್ಲಿ ಮಾತಿಗೆ ಕೂರುವುದು ವಾಡಿಕೆ. ಬಂಗುಡೆ ಮೀನಿಗೆ ಏನು ರೇಟು, ಗಾಳಿ ಯಾವ ಕಡೆ, ಯಾರ ಬಲೆ ಹರಿಯಿತು. ಅದೆಲ್ಲ ಮುಗಿದಾಗ ಯಾರಾದರೊಬ್ಬರು ಕೇಳುವರು: "ದಾಮಣ್ಣ, ಈಗ ಎಂತ ಓದ್ತಾ ಇದ್ದೀರಿ?" ಅಲ್ಲಿಯವರೆಗೆ ತುಳುವಿನಲ್ಲಿದ್ದ ಮಾತು ಕನ್ನಡಕ್ಕೆ ಹೊರಳುತ್ತಿತ್ತು.

"ಮೊದಲ ಐವತ್ತು ಪುಟ ಕಷ್ಟ ಮಾರಾಯ. ಅದು ದಾಟಿದರೆ ಓಡ್ತದೆ," ಎನ್ನುವರು ದಾಮಣ್ಣ. ಅಥವಾ, "ಇದು ಬೇಡ. ಬರೆದವನಿಗೆ ಹಸಿವು ಎಂದರೆ ಗೊತ್ತಿಲ್ಲ." ಅವರು ಒಳ್ಳೆಯದು ಎಂದ ಪುಸ್ತಕ, ಎರಡು ಬೋಟುಗಳು ಹತ್ತಿರ ಬಂದಾಗ ಒಂದರಿಂದ ಇನ್ನೊಂದಕ್ಕೆ ಹಗ್ಗದ ಚೀಲದಲ್ಲಿ ದಾಟಿ ಹೋಗುತ್ತಿತ್ತು.

ಹಾಗೆ ಓದಲು ಹಿಡಿದವರಲ್ಲಿ 'ಸಮುದ್ರತಾರೆ' ಎಂಬ ಬೋಟಿನ ತಾಂಡೇಲ ಅಲೆಕ್ಸಾಂಡರ್ ಒಬ್ಬರು. ಮಲ್ಪೆ ಹತ್ತಿರದ ತೊಟ್ಟಂನವರು. ಹೆಂಡತಿ ಬರ್ತಾಳನ್ನು ಕಾಯಿಲೆಯಲ್ಲಿ ಕಳೆದುಕೊಂಡ ಮೇಲೆ ಮಗಳು ಲೊರ್ನಾಳನ್ನು ತನ್ನ ಅಕ್ಕ ಆನ್ಸಿಲ್ಲಾಳ ಮನೆಯಲ್ಲಿ ಬಿಟ್ಟಿದ್ದರು. ಬೋಟು ಬಂದರಿಗೆ ಬಂದು ಮೀನು ಇಳಿಸಿದರೆ ಸಾಕು, ಮತ್ತೆ ಯಾವಾಗ ಹೊರಡುವುದು ಎಂಬ ಅವಸರ ಅವರಿಗೆ. ಮನೆಯಲ್ಲಿ ಒಂದು ರಾತ್ರಿ ನಿಂತರೆ ಹೆಚ್ಚು.

ಕಳೆದ ಅಕ್ಟೋಬರಿನಲ್ಲಿ ದಾಮಣ್ಣ ಅವರಿಗೊಂದು ದಪ್ಪ ಕಾದಂಬರಿ ಕೊಟ್ಟರು. ಹೆಂಡತಿ ಸತ್ತ ಮೇಲೆ ಮಕ್ಕಳನ್ನು ಬಂಧುಗಳಲ್ಲಿ ಬಿಟ್ಟು ಊರೂರು ತಿರುಗುವ ಬಟ್ಟೆ ವ್ಯಾಪಾರಿಯ ಕಥೆ. ಬೇಕೆಂದೇ ಕೊಟ್ಟರೋ, ಇಷ್ಟವಾದ ಪುಸ್ತಕವೆಂದು ಕೊಟ್ಟರೋ, ಅವರಿಗೇ ಸರಿಯಾಗಿ ಹೇಳಲಾಗದು.

ಕೆಲವು ದಿನಗಳ ನಂತರ ಒಂದು ಸಂಜೆ ವಯರ್‌ಲೆಸ್ಸಿನಲ್ಲಿ ಅಲೆಕ್ಸಾಂಡರರ ಧ್ವನಿ ಬಂತು. ಅದು ಯಾವತ್ತಿನಂತಿರಲಿಲ್ಲ.

"ದಾಮಣ್ಣ, ಅರ್ಧ ಓದಿದೆ. ಇದನ್ನು ನೀವು ಒಳ್ಳೆಯ ಪುಸ್ತಕ ಅಂತ ಕೊಟ್ಟದ್ದಾ?"

"ಯಾಕೆ, ಎಂತ ಆಯಿತು?"

"ಮಕ್ಕಳನ್ನು ಬಿಟ್ಟು ಹೋದವನಿಗೆ ಎಂತ ದುಃಖ? ಸುಳ್ಳು ದುಃಖ. ಬರೆದವರಿಗೂ ಬುದ್ಧಿ ಇಲ್ಲ, ಕೊಟ್ಟವರಿಗೂ ಇಲ್ಲ."

ಯಾರೋ ನಕ್ಕರು. ಆ ನಗು ಎಲ್ಲ ಬೋಟುಗಳಿಗೂ ಕೇಳಿಸಿತು. ದಾಮಣ್ಣನ ಮುಖ ಬಿಸಿಯಾಯಿತು. "ಆ ವ್ಯಾಪಾರಿಯನ್ನು ಯಾಕೆ ಬೈತೀರಿ ಪೊರ್ಬುಗಳೇ?" ಎಂದರು. ಈ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವುದು ಹಾಗೆ. ಆದರೆ ಆಗ ಅದರಲ್ಲಿ ಗೌರವವಿರಲಿಲ್ಲ. "ಬರ್ತಾ ತೀರಿಹೋದ ಮೇಲೆ ನೀವು ಮಗಳ ಜೊತೆ ಎಷ್ಟು ದಿನ ಕೂತಿದ್ದೀರಿ? ಅವನಿಗೂ ನಿಮಗೂ ಎಂತ ವ್ಯತ್ಯಾಸ?"

ನಗು ನಿಂತಿತು. 'ಟಕ್' ಎಂದು ಒಂದು ಸೆಟ್ಟು ಬಂದ್ ಆದದ್ದು ಮಾತ್ರ ಕೇಳಿಸಿತು.

ಮರುದಿನ ಬೆಳಿಗ್ಗೆ ಆಕಾಶ ತಾಮ್ರದ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದ ಹೊತ್ತಿಗೆ ದಡದಿಂದ ಕರೆ ಬಂತು: ತೂಫಾನು ಎದ್ದಿದೆ, ಹೊರಗಿರುವ ಬೋಟುಗಳೆಲ್ಲ ಕೂಡಲೇ ಹಿಂದಿರುಗಬೇಕು. ಒಂದೊಂದೇ ಬೋಟು ತನ್ನ ಹೆಸರು ಹೇಳಿ, ಕೇಳಿಸಿತು, ಹೊರಟೆವು ಎಂದಿತು. 'ಸಮುದ್ರತಾರೆ' ಮಾತ್ರ ಹೇಳಲಿಲ್ಲ.

ದಾಮಣ್ಣ ಮೈಕು ಹಿಡಿದು ಕರೆದರು. "ಸಮುದ್ರತಾರೆ, ಸಮುದ್ರತಾರೆ. ಅಲೆಕ್ಸಾಂಡರೇ, ಕೇಳ್ತದಾ?" ಬರಬರ ಸದ್ದು ಬಿಟ್ಟರೆ ಏನೂ ಇಲ್ಲ. ಬೇರೆ ಬೋಟಿನವರೂ ಕರೆದರು. ಬೆಳಿಗ್ಗೆಯಿಂದ ಯಾರೂ ಅವರ ಧ್ವನಿ ಕೇಳಿರಲಿಲ್ಲ. ನಿನ್ನೆ ಸಂಜೆ ಬಂದ್ ಮಾಡಿದ ಸೆಟ್ಟನ್ನು ಅವರು ಮತ್ತೆ ಹಾಕಿಯೇ ಇಲ್ಲ ಎಂಬುದು ದಾಮಣ್ಣನಿಗೆ ಹೊಳೆಯಿತು. ತೂಫಾನಿನ ಸುದ್ದಿ ಅವರಿಗೆ ತಲುಪಿಯೇ ಇಲ್ಲ.

ಅವರು ಸುಕ್ಕಾಣಿಯನ್ನು ಪಡುವಣಕ್ಕೆ ತಿರುಗಿಸಿದರು.

ಇಂಜಿನ್ ನೋಡಿಕೊಳ್ಳುವ ಸಿರಾಜ್ ಕೆಳಗಿನಿಂದ ಓಡಿ ಬಂದ. "ಇದು ಎಂತ ಮಾಡ್ತಾ ಇದ್ದೀರಿ ದಾಮಣ್ಣ? ಎಲ್ಲರೂ ದಡಕ್ಕೆ ಹೋಗುವಾಗ ನಾವು ಆಚೆ ಹೋಗುವುದಾ?"

"ಅವರು ಸೆಟ್ ಬಂದ್ ಮಾಡಿದ್ದು ನನ್ನಿಂದ."

"ಬಂದ್ ಮಾಡಿದ್ದು ಅವರ ಕೈ. ನಮಗೂ ಮಕ್ಕಳು ಉಂಟು." ಅವನ ಹಿಂದೆ ಬಲೆ ಎಳೆಯುವ ಕಲಾಸಿಗಳೂ ಬಂದು ನಿಂತರು.

ದಾಮಣ್ಣ ಅವರ ಮುಖಗಳನ್ನು ನೋಡಿದರು. "ನಿನ್ನೆ ಅವರು ಬಲೆ ಬಿಟ್ಟ ಜಾಗ ನನಗೆ ಗೊತ್ತುಂಟು. ಅಲ್ಲಿಯವರೆಗೆ ಹೋಗುವ. ಬೆಳಕು ಇರುವಾಗ ಸಿಗದಿದ್ದರೆ ನಾನೇ ತಿರುಗಿಸ್ತೇನೆ. ಮತ್ತೆ ಮಾತಿಲ್ಲ."

ಸಿರಾಜ್ ಇಂಜಿನ್ ಕೋಣೆಗೆ ಇಳಿದ. ಸ್ವಲ್ಪ ಹೊತ್ತಿನಲ್ಲಿ ಇಂಜಿನ್ನಿನ ಸದ್ದು ಏರಿತು.

ಗಾಳಿ ಬಲವಾಯಿತು. ಅಲೆ ಎದ್ದಾಗ ಬೋಟಿನ ಮೂಗು ಆಕಾಶ ನೋಡುತ್ತಿತ್ತು. ಇಳಿದಾಗ ನೀರು ಕ್ಯಾಬಿನ್ನಿನ ಗಾಜಿಗೇ ಬಡಿಯುತ್ತಿತ್ತು. ಒಂದು ಕೈಯಲ್ಲಿ ಸುಕ್ಕಾಣಿ, ಇನ್ನೊಂದರಲ್ಲಿ ಮೈಕು ಹಿಡಿದು ದಾಮಣ್ಣ ಕರೆಯುತ್ತಲೇ ಇದ್ದರು. ಹೇಳಿದ ಜಾಗ ತಲುಪಿದರು. ಅಲ್ಲಿ ನೀರಲ್ಲದೆ ಬೇರೇನೂ ಇರಲಿಲ್ಲ. ಬೆಳಕು ಇಳಿಯುತ್ತ ಬಂತು. ಸಿರಾಜ್ ಮೆಟ್ಟಿಲ ಬಾಯಿಯಲ್ಲಿ ನಿಂತು ಅವರನ್ನೇ ನೋಡುತ್ತಿದ್ದ.

ಕೊಟ್ಟ ಮಾತಿನಂತೆ ದಾಮಣ್ಣ ಬೋಟು ತಿರುಗಿಸಿದರು. ಬೋಟು ಪೂರ್ತಿ ತಿರುಗಿ ಮೂಡಣಕ್ಕೆ ಮುಖ ಮಾಡಿದ ಮೇಲೆ, ಬರಬರ ಸದ್ದಿನ ನಡುವೆ ಒಂದು ಮಾತು ಕೇಳಿಸಿತು. "...ಫ್ಯಾನಿಗೆ ಬಲೆ..."

"ಅಲೆಕ್ಸಾಂಡರೇ! ಎಲ್ಲಿ ಇದ್ದೀರಿ?"

ತುಂಡು ತುಂಡಾಗಿ ಉತ್ತರ ಬಂತು. ಗಾಳಿ ಎದ್ದಾಗ ಗಡಿಬಿಡಿಯಲ್ಲಿ ಬಲೆ ಎಳೆಯಲು ಹೋಗಿ ಅದು ಬೋಟಿನಡಿ ನೀರಿನಲ್ಲಿ ತಿರುಗುವ ಫ್ಯಾನಿಗೆ ಸುತ್ತಿಕೊಂಡು ಇಂಜಿನ್ ನಿಂತಿತ್ತು. ಆಮೇಲೆಯೇ ಸೆಟ್ ಹಾಕಿದ್ದು. ಅಷ್ಟರಲ್ಲಿ ಬೋಟು ತೆಂಕಣಕ್ಕೆ ತೇಲಿ ಹೋಗಿತ್ತು. ಬೋಟಿರುವ ಜಾಗದ ಜಿಪಿಎಸ್ ಅಂಕೆ ಹೇಳುವಾಗ ಎರಡು ಸಲ ಧ್ವನಿ ಕಡಿಯಿತು. ಮೂರನೆಯ ಸಲ ಹೇಳಿಸಿ ಬರೆದುಕೊಂಡ ದಾಮಣ್ಣ ಸಿರಾಜನ ಕಡೆ ನೋಡಿದರು. ಅವನೇ, "ಹೋಗುವ," ಎಂದ.

ಸಿಕ್ಕಿದಾಗ 'ಸಮುದ್ರತಾರೆ' ಅಲೆಗೆ ಪಕ್ಕ ಕೊಟ್ಟು ಹೊರಳಾಡುತ್ತಿತ್ತು. ಹತ್ತಿರ ಹೋದರೆ ಎರಡು ಬೋಟು ಬಡಿದು ಒಡೆಯುತ್ತವೆ, ದೂರ ನಿಂತರೆ ಹಗ್ಗ ತಲುಪುವುದಿಲ್ಲ. ಮೊದಲು ಎಸೆದ ಹಗ್ಗ ನೀರಿಗೆ ಬಿತ್ತು. ಮತ್ತೆ ಎಸೆದದ್ದನ್ನು ಅಲೆಕ್ಸಾಂಡರರೇ ಎದೆಗೆ ಅವಚಿಕೊಂಡು ಹಿಡಿದರು. ಕಟ್ಟಿ ಎಳೆಯಲು ತೊಡಗಿದಾಗ ಅದು ಸಿಡಿದು ಹರಿಯಿತು. ಕಲಾಸಿಗಳು ಇದ್ದ ದಪ್ಪ ಹಗ್ಗವನ್ನೆಲ್ಲ ಜೋಡಿಸಿ ಇಮ್ಮಡಿ ಮಾಡಿದರು. ಅದು ನಿಂತಿತು. ಮಲ್ಪೆಯ ಅಳಿವೆ ಬಾಗಿಲು ಕಾಣುವವರೆಗೆ ಯಾರೂ ಆ ಹಗ್ಗದ ಮೇಲಿನ ಕಣ್ಣು ತೆಗೆಯಲಿಲ್ಲ.

ಬಂದರಿನಲ್ಲಿ ಮಳೆ ಸುರಿಯುತ್ತಿತ್ತು. ಲೊರ್ನಾ ಸೋದರತ್ತೆಯ ಜೊತೆ ಬಂದು ಕಾಯುತ್ತಿದ್ದಳು. ಅಪ್ಪ ಬೋಟಿನಿಂದ ದಡಕ್ಕೆ ಹತ್ತಿ ಬಂದಾಗ ಅವಳು ಅಳಲಿಲ್ಲ. ಅವರ ಒದ್ದೆ ಅಂಗಿಯ ತೋಳು ಹಿಡಿದುಕೊಂಡಳು, ಬಿಡಲಿಲ್ಲ. ದಾಮಣ್ಣ ಹತ್ತಿರ ಹೋದರು. ಏನು ಹೇಳಬೇಕೆಂದು ಅಷ್ಟು ದೂರವೂ ಯೋಚಿಸಿಕೊಂಡು ಬಂದಿದ್ದರು.

ಅವರು ಬಾಯಿ ತೆರೆಯುವ ಮೊದಲೇ ಅಲೆಕ್ಸಾಂಡರ್ ಹೇಳಿದರು: "ನೀವು ಹೇಳಿದ್ದು ಸುಳ್ಳಲ್ಲ ದಾಮಣ್ಣ. ಆದರೆ ಎಲ್ಲರ ಕಿವಿಗೆ ಬೀಳುವ ಹಾಗೆ ಹೇಳಬಾರದಿತ್ತು."

"ಹೌದು," ಎಂದರು ದಾಮಣ್ಣ. "ಹೇಳಬಾರದಿತ್ತು."

ತೂಫಾನು ಇಳಿದು ಬೋಟುಗಳು ಮತ್ತೆ ಹೊರಟಾಗ 'ಸಮುದ್ರತಾರೆ'ಯನ್ನು ಬೇರೆಯವರು ನಡೆಸಿಕೊಂಡು ಹೋದರು. ಅಲೆಕ್ಸಾಂಡರ್ ಕ್ರಿಸ್ಮಸ್ ಮುಗಿಯುವವರೆಗೆ ತೊಟ್ಟಂನಲ್ಲೇ ಉಳಿದರು. ಆ ದಿನಗಳಲ್ಲಿ ವಯರ್‌ಲೆಸ್ಸಿನಲ್ಲಿ ಯಾರಾದರೂ ಪುಸ್ತಕದ ವಿಚಾರ ಎತ್ತಿದರೆ ದಾಮಣ್ಣ, "ನಿದ್ದೆ ಬರ್ತದೆ ಮಾರಾಯ," ಎಂದು ಮೈಕು ಕೆಳಗಿಡುತ್ತಿದ್ದರು.

ಜನವರಿಯ ಒಂದು ಸಂಜೆ, ಸಮುದ್ರ ತಟ್ಟೆಯಂತೆ ಇದ್ದಾಗ, ಪರಿಚಯದ ಧ್ವನಿ ಕೇಳಿಸಿತು. "ಲೊರ್ನಾ ಒಂದು ಪುಸ್ತಕ ಕೊಟ್ಟಿದ್ದಾಳೆ. ನಾಳೆ ಮುಗೀತದೆ. ಚೆಂದ ಉಂಟು. ಯಾರಿಗೆ ಬೇಕು?"

ಎರಡು ಮೂರು ಬೋಟಿನವರು ತಮಗೆ ಎಂದರು. ದಾಮಣ್ಣ ಮೈಕು ಕೈಗೆತ್ತಿಕೊಂಡು ಗುಂಡಿ ಒತ್ತದೆ ಹಾಗೇ ಹಿಡಿದುಕೊಂಡರು.

"ದಾಮಣ್ಣನಿಗೆ ಬೇಡ," ಎಂದಿತು ಆ ಧ್ವನಿ. "ಇದರಲ್ಲಿ ಎಲ್ಲರೂ ಮೆಲ್ಲಗೆ ಮಾತಾಡ್ತಾರೆ. ಅವರಿಗೆ ಹಿಡಿಸಲಿಕ್ಕಿಲ್ಲ."

ಎಲ್ಲ ಬೋಟುಗಳಲ್ಲೂ ನಗು ಎದ್ದಿತು. ದಾಮಣ್ಣ ಗುಂಡಿ ಒತ್ತಿ, "ಮೊದಲು ನನಗೆ ಕಳಿಸಿ," ಎಂದರು.